ಧೂಳಿಯ ತಕ್ಕಡಿಗೆ ಪರೀಕ್ಷೆ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಜನರಿಗೆ ಧೂಳಿಯ ಗುಣವನ್ನು ಹೊರಗಿನವರು ಬಂದು ಹೇಳಿಕೊಡಬೇಕಾದುದಿಲ್ಲ. ಭೀಮೆ ಅಮರ್ಜೆಗಳ ಸೀಮೆಯ ಎರೆಯ ನೆಲವು ಬೇಸಗೆಯಲ್ಲಿ ಬಾಯಿಬಿಟ್ಟು ಸುಂಟರಗಾಳಿಯೊಡನೆ ಆಕಾಶಕ್ಕೇರುವುದನ್ನು ಇಲ್ಲಿಯ ಹಸುಗೂಸೂ ಕಂಡಿರುವುದು. ತೊಗರಿಯ ರಾಶಿಯ ಕಾಲದಲ್ಲಿ ಕಣದ ಮೇಲೆ ನಿಂತು ಗಾಳಿಗೆ ತೂರಿದ ಮುದುಕರನ್ನು ಕೇಳಿರಿ: ಕಾಳು ಕಾಲಡಿಗೆ ಬೀಳುವುದು, ಹೊಟ್ಟು ಮಾರು ದೂರಕ್ಕೆ ಸರಿಯುವುದು, ಧೂಳಿಯು ಊರ ಗಡಿಯನ್ನೇ ದಾಟುವುದು. ಯಾವುದರ ತೂಕವೆಷ್ಟೆಂಬುದನ್ನು ಗಾಳಿಯೇ ನಿರ್ಣಯಿಸುವುದು. ಈಗ ಆ ಕೆಲಸವನ್ನು ರಾಶಿಯ ಯಂತ್ರಗಳು ಮಾಡುತ್ತಿರುವವಾದರೂ ತತ್ತ್ವವು ಬದಲಾಗಿಲ್ಲ. ವಸ್ತುವಿನ ಚಲನೆಯನ್ನು ನೋಡಿ ಅದರ ತೂಕವನ್ನು ತಿಳಿಯುವ ಈ ವಿದ್ಯೆಯನ್ನೇ ಶಾಸ್ತ್ರಜ್ಞರು ಭೂಮಿಯಿಂದ ನಲವತ್ತು ಕೋಟಿ ಕಿಲೋಮೀಟರಿನಾಚೆಗೆ, ಒಂದು ಧೂಮಕೇತುವಿನ ಬಳಿಗೆ ಒಯ್ದು ಪ್ರಯೋಗಿಸಿದರೆಂದರೆ ನಮ್ಮ ವಾಚಕರು ಬೆರಗಾಗಬಹುದು. ಅದಕ್ಕಿಂತ ಹೆಚ್ಚಿನ ಬೆರಗು ಇನ್ನೊಂದುಂಟು. ಆ ತಕ್ಕಡಿಯು ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಅವರು ದಾರಿಯುದ್ದಕ್ಕೂ ಪರೀಕ್ಷಿಸುತ್ತ ಹೋದರು. ಈ ಪರೀಕ್ಷೆಯ ವಿಷಯವನ್ನೇ ಇಂದು ವಾಚಕರ ಮುಂದಿಡಲು ಬಯಸುತ್ತೇವೆ. ಅದೇಕೆಂದರೆ, ಅದು ಬರಿಯ ಜ್ಯೋತಿಶ್ಶಾಸ್ತ್ರದ ಮಾತಲ್ಲ; ಅಳೆಯುವವರೆಲ್ಲರೂ, ಅಳತೆಯನ್ನು ನಂಬಿ ಆಡಳಿತ ನಡೆಸುವವರೆಲ್ಲರೂ ಮನಸ್ಸಿಗೆ ತಂದುಕೊಳ್ಳಬೇಕಾದ ಮಾತು.

ಹೊಗೆಯ ಬಾವುಟ

ಬಾಲಚುಕ್ಕಿಗೆ ನಮ್ಮ ಹಿರಿಯರು ಧೂಮಕೇತುವೆಂದು ಹೆಸರಿಟ್ಟರು. ಹೊಗೆಯನ್ನೇ ಬಾವುಟವಾಗಿ ಉಳ್ಳದ್ದೆಂದು ಅದರ ಅರ್ಥ. ಹೆಸರು ಯಥಾರ್ಥವಾದುದು. ಮಂಜುಗಡ್ಡೆ, ಕಲ್ಲು, ಧೂಳಿಗಳು ಬೆರೆತ ಕೆಲವು ಕಿಲೋಮೀಟರುಗಳ ಒಂದು ಮುದ್ದೆಯೇ ಧೂಮಕೇತುವಿನ ಒಡಲು. ಅದು ಸೂರ್ಯನನ್ನು ಸಮೀಪಿಸಿದಾಗ ಒಳಗಿನ ಮಂಜು ಆವಿಯಾಗಿ ಹೊರಡುವುದು. ಹೊರಡುವಾಗ ಧೂಳಿಯನ್ನೂ ಎತ್ತಿಕೊಂಡು ಬರುವುದು. ಆ ಧೂಳಿಯ ಮೇಲೆ ಬಿದ್ದ ಬಿಸಿಲೇ ನಮಗೆ ಬಾಲವಾಗಿ ಕಾಣುವುದು. 1910ರ ಮೇ ತಿಂಗಳಲ್ಲಿ ಹ್ಯಾಲಿಯ ಧೂಮಕೇತುವು ಬಂದಾಗ ಅದರ ಬಾಲದ ವಿಷಗಾಳಿಯಿಂದ ಜಗತ್ತು ಮುಳುಗುವುದೆಂದು ಯುರೋಪು ಅಮೇರಿಕೆಗಳ ನಾಗರಿಕರೂ ಹೆದರಿದ್ದರು. ಮೂಢನಂಬಿಕೆಯು ಪೂರ್ವದೇಶಗಳ ಸ್ವತ್ತೆಂದು ಭಾವಿಸುವವರು ಇದನ್ನು ನೆನೆಯತಕ್ಕದ್ದು. 2024ರ ಅಕ್ಟೋಬರಿನಲ್ಲಿ ತ್ಸುಚಿನ್‌ಶಾನ್-ಅಟ್ಲಾಸ್ ಎಂಬ ಧೂಮಕೇತುವು ನಮ್ಮ ನಾಡಿನ ಆಕಾಶದಲ್ಲಿಯೂ ಕಾಣಿಸಿಕೊಂಡಾಗ ಜನರು ಹೆದರಲಿಲ್ಲ, ಮಾಳಿಗೆಯೇರಿ ನೋಡಿದರು. ಇದು ಸಣ್ಣ ಪ್ರಗತಿಯಲ್ಲ.

ಧೂಮಕೇತುವಿನ ಧೂಳಿಗೆ ಇಷ್ಟು ಬೆಲೆಯೇಕೆಂದು ಕೇಳಬಹುದು. ಸೂರ್ಯನೂ ಗ್ರಹಗಳೂ ಹುಟ್ಟಿ ಸುಮಾರು 460 ಕೋಟಿ ವರ್ಷಗಳಾದವು. ಭೂಮಿಯ ಮೇಲಿನ ವಸ್ತುಗಳೆಲ್ಲ ಅಂದಿನಿಂದ ಕರಗಿ, ಬೆರೆತು, ತೊಳೆದುಹೋಗಿ ತಮ್ಮ ಮೊದಲಿನ ರೂಪವನ್ನು ಕಳೆದುಕೊಂಡಿರುವುವು. ಧೂಮಕೇತುವಾದರೋ ಸೂರ್ಯನಿಂದ ಬಹು ದೂರದ ಚಳಿಯಲ್ಲಿ ಉಳಿದುಕೊಂಡು ಆ ಹಳೆಯ ಸರಕನ್ನು ಹೆಚ್ಚು ಕೆಡದಂತೆ ಕಾಪಾಡಿಕೊಂಡು ಬಂದಿದೆ. ಹಳೆಯ ವಾಡೆಯ ಹಗೇವಿನ ತಳದಲ್ಲಿ ಉಳಿದ ಹಿಡಿ ಜೋಳದಿಂದ ಮುತ್ತಜ್ಜನ ಕಾಲದ ತಳಿಯನ್ನು ಗುರುತಿಸುವಂತೆ, ಈ ಧೂಳಿಯಿಂದ ಸೌರಮಂಡಲದ ಹುಟ್ಟನ್ನು ಗುರುತಿಸಬಹುದೆಂದು ಶಾಸ್ತ್ರಜ್ಞರು ನಂಬುತ್ತಾರೆ.

ಆದರೆ ಈ ಧೂಳಿಯು ಸಾಧುವಾದುದಲ್ಲ. 1986ರ ಮಾರ್ಚಿಯಲ್ಲಿ ಯುರೋಪಿನ ಜಿಯೊಟ್ಟೊ ನೌಕೆಯು ಹ್ಯಾಲಿಯ ಧೂಮಕೇತುವಿನಿಂದ ಸುಮಾರು 600 ಕಿಲೋಮೀಟರು ದೂರದಲ್ಲಿ ಹಾಯ್ದುಹೋಯಿತು. ಅವೆರಡರ ನಡುವಿನ ವೇಗವು ಸೆಕೆಂಡಿಗೆ 68 ಕಿಲೋಮೀಟರು. ಅಂಥ ವೇಗದಲ್ಲಿ ಸಾಸಿವೆಯಷ್ಟು ಕಣವೂ ಗುಂಡಿಗಿಂತ ಘೋರವಾಗುವುದು. ಅತ್ಯಂತ ಸಮೀಪಕ್ಕೆ ಬರಲು ಕೆಲವೇ ಸೆಕೆಂಡುಗಳಿರುವಾಗ ಒಂದು ಕಣವು ತಗುಲಿ ನೌಕೆಯೇ ಓಲಾಡಿತು. ಭೂಮಿಯೊಡನೆ ಅದರ ಸಂಪರ್ಕವು ಕೆಲಕಾಲ ತಪ್ಪಿತು. ಅದರ ಕ್ಯಾಮರಾ ಮುಂದೆ ಕೆಲಸಕ್ಕೆ ಬಾರದಾಯಿತು. ಧೂಳಿಯನ್ನು ತಿಳಿಯಬೇಕೆಂಬುದು ಕುತೂಹಲವೂ ಹೌದು, ಆತ್ಮರಕ್ಷಣೆಯೂ ಹೌದು.

ಜಿಯಾಡಾ ಎಂಬ ತಕ್ಕಡಿ

ಮುಂದೆ ಯುರೋಪಿನವರು ಧೂಮಕೇತುವಿನ ಪಕ್ಕದಿಂದ ಓಡಿಹೋಗದೆ, ಅದರ ಜೊತೆಗೇ ನಡೆಯುವ ನೌಕೆಯೊಂದನ್ನು ಕಟ್ಟಿದರು. ಅದೇ ರೊಸೆಟ್ಟಾ. 2003ರ ಜನವರಿಯಲ್ಲಿ ಹೊರಟು ವಿರ್ಟಾನೆನ್ ಎಂಬ ಧೂಮಕೇತುವನ್ನು ಸೇರಬೇಕೆಂದು ಮೊದಲು ನಿಶ್ಚಯವಾಗಿತ್ತು. ಆದರೆ ಅದರ ಹಿಂದಿನ ತಿಂಗಳಲ್ಲಿ ಅದೇ ಜಾತಿಯ ರಾಕೆಟ್ಟೊಂದು ವಿಫಲವಾದುದರಿಂದ ಪ್ರಯಾಣವನ್ನು ತಡೆಹಿಡಿದರು. ಗುರಿಯನ್ನೇ ಬದಲಿಸಿ ಚುರ್ಯುಮೊವ್-ಗೆರಾಸಿಮೆಂಕೊ ಎಂಬ ಇನ್ನೊಂದು ಧೂಮಕೇತುವನ್ನು ಆರಿಸಿಕೊಂಡರು. ನೌಕೆಯು 2004ರ ಮಾರ್ಚಿ 2ರಂದು ಹೊರಟಿತು. ಭೂಮಿಯನ್ನು ಮೂರು ಸಲ, ಮಂಗಳನನ್ನು ಒಂದು ಸಲ ಸಮೀಪಿಸಿ ಅವುಗಳ ಆಕರ್ಷಣೆಯಿಂದ ವೇಗವನ್ನು ಪಡೆದು, ಹತ್ತು ವರ್ಷಗಳ ಪ್ರಯಾಣದ ತರುವಾಯ 2014ರ ಆಗಸ್ಟ್ 6ರಂದು ಗುರಿಯನ್ನು ಸೇರಿತು.

ಆ ನೌಕೆಯಲ್ಲಿ ಧೂಳಿಯನ್ನಳೆಯಲು ಇಟ್ಟ ಉಪಕರಣಗಳಲ್ಲಿ ಇಟಲಿಯ ನೇಪಲ್ಸ್ ನಗರದ ಶಾಸ್ತ್ರಜ್ಞರು ಮುಂದಾಗಿ ರಚಿಸಿದ ಜಿಯಾಡಾ ಎಂಬುದು ಒಂದು. ಅದರಲ್ಲಿ ಮೂರು ಅಂಗಗಳುಂಟು. ಮೊದಲನೆಯದು ಲೇಸರ್ ಬೆಳಕಿನ ತೆಳುವಾದ ಪರದೆ. ಕಣವು ಇದನ್ನು ದಾಟುವಾಗ ಬೆಳಕು ಚದುರುವುದು. ಅದನ್ನು ಪಕ್ಕದಲ್ಲಿಯ ಬೆಳಕಿನ ಕಣ್ಣುಗಳು ಗುರುತಿಸುವುವು. ಎರಡನೆಯದು ಆ ಪರದೆಯ ಕೆಳಗಿರುವ ತೆಳುವಾದ ಅಲ್ಯೂಮಿನಿಯಮ್ ತಗಡು. ಕಣವು ಬಂದು ಬಡಿದಾಗ ತಗಡು ನಡುಗುವುದು. ಅದಕ್ಕೆ ಅಂಟಿಸಿದ ವಿಶೇಷ ಹರಳುಗಳು ಆ ನಡುಕವನ್ನು ವಿದ್ಯುತ್ತಾಗಿ ಮಾರ್ಪಡಿಸುವುವು. ಪರದೆಯಿಂದ ತಗಡಿಗೆ ಬರಲು ಹಿಡಿದ ಕಾಲದಿಂದ ಕಣದ ವೇಗವೂ, ತಗಡಿಗೆ ಬಿದ್ದ ಪೆಟ್ಟಿನಿಂದ ಅದರ ನೂಕುಬಲವೂ ತಿಳಿಯುವುವು. ನೂಕುಬಲವನ್ನು ವೇಗದಿಂದ ಭಾಗಿಸಿದರೆ ಕಣದ ತೂಕ ದೊರೆಯಿತು. ಅಂತರವು ಹತ್ತು ಸೆಂಟಿಮೀಟರೆಂದೂ ಕಣದ ವೇಗವು ಸೆಕೆಂಡಿಗೆ ಐದು ಮೀಟರೆಂದೂ ಇಟ್ಟುಕೊಂಡರೆ, ಈ ನಿರ್ಣಯಕ್ಕೆ ಸಿಕ್ಕುವ ಕಾಲವು ಸೆಕೆಂಡಿನ ಐವತ್ತನೆಯ ಒಂದು ಪಾಲು ಮಾತ್ರ. ಮೂರನೆಯ ಅಂಗವು ಬೇರೆ ಬೇರೆ ದಿಕ್ಕುಗಳಿಗೆ ಮುಖಮಾಡಿದ ಐದು ಸ್ಫಟಿಕದ ಸೂಕ್ಷ್ಮ ತಕ್ಕಡಿಗಳು. ಸೆಕೆಂಡಿಗೆ ಸುಮಾರು ಒಂದೂವರೆ ಕೋಟಿ ಸಲ ಕಂಪಿಸುವ ಈ ಸ್ಫಟಿಕಗಳ ಮೇಲೆ ಹಿಟ್ಟಿನಂತಹ ಧೂಳಿಯು ಕೂತರೆ ಕಂಪನವು ಬದಲಾಗುವುದು. ಬದಲಾವಣೆಯಿಂದ ಧೂಳಿಯ ಭಾರವನ್ನು ಲೆಕ್ಕಹಾಕುವರು.

ಪರೀಕ್ಷಕನನ್ನೂ ಹೊತ್ತೊಯ್ಯುವ ಯಂತ್ರ

ಇನ್ನು ನಾವು ಹೇಳಹೊರಟ ಮುಖ್ಯ ವಿಷಯಕ್ಕೆ ಬರುವೆವು. ಪೇಟೆಯ ವ್ಯಾಪಾರಿಯ ತಕ್ಕಡಿಯನ್ನು ಪರೀಕ್ಷಿಸಲು ಸರಕಾರದ ಅಧಿಕಾರಿಯು ಬರುತ್ತಾನೆ. ತೂಕದ ಕಲ್ಲುಗಳನ್ನು ತನ್ನ ಪ್ರಮಾಣದ ಕಲ್ಲಿನೊಡನೆ ತೂಗಿ ಮುದ್ರೆಯೊತ್ತುತ್ತಾನೆ. ಆದರೆ ಹೊರಟುಹೋದ ನೌಕೆಯಲ್ಲಿಯ ತಕ್ಕಡಿಗೆ ಮುದ್ರೆಯೊತ್ತುವವರಾರು? ಹೊರಡುವಾಗ ಸರಿಯಾಗಿದ್ದ ಯಂತ್ರವು ರಾಕೆಟ್ಟಿನ ಅಬ್ಬರದ ನಡುಕದಲ್ಲಿ, ಬಿಸಿಲು ನೆರಳಿನ ಅತಿಯಾದ ಶಾಖ ಶೈತ್ಯಗಳಲ್ಲಿ, ವಿಕಿರಣದ ಮಳೆಯಲ್ಲಿ ಹತ್ತು ವರ್ಷ ಕಳೆದ ಮೇಲೆಯೂ ಹಾಗೆಯೇ ಉಳಿದಿದೆಯೆಂದು ನಂಬಲು ಆಧಾರವೇನು? ಆದಕಾರಣ ಅಂಥ ಯಂತ್ರವು ತನ್ನ ಪರೀಕ್ಷಕನನ್ನೂ ತನ್ನೊಡನೆಯೇ ಹೊತ್ತುಕೊಂಡು ಹೋಗಬೇಕಾಗುವುದು.

ಜಿಯಾಡಾದ ವಿಷಯದಲ್ಲಿ ಹಾಗೆಯೇ ಮಾಡಿದರು. ತಗಡಿಗೆ ನಿಶ್ಚಿತವಾದ ಪ್ರಚೋದನೆಯನ್ನು ಕೊಡುವ ವ್ಯವಸ್ಥೆಯನ್ನು ಯಂತ್ರದೊಳಗೇ ಇರಿಸಿದರು. ಆ ಗೊತ್ತಾದ ತಟ್ಟಿಗೆ ಇಂದು ಬಂದ ಉತ್ತರವೂ ಹಿಂದಿನ ಸಲದ ಉತ್ತರವೂ ಒಂದೇ ಆಗಿದ್ದರೆ ತಗಡಿನ ಕಿವಿಯು ನೆಟ್ಟಗಿದೆಯೆಂದು ತಿಳಿಯುವುದು. ಲೇಸರಿನ ಬೆಳಕು ಕುಂದಿದೆಯೇ, ಬೆಳಕಿನ ಕಣ್ಣುಗಳು ಮಂಕಾಗಿವೆಯೇ, ಶಾಖವು ಏರಿಳಿದಂತೆ ಸ್ಫಟಿಕಗಳ ಕಂಪನವು ಎಷ್ಟು ಜಾರುವುದು, ಇವೆಲ್ಲವನ್ನೂ ಪ್ರಯಾಣಕಾಲದಲ್ಲಿ ಮತ್ತೆ ಮತ್ತೆ ನೋಡಿ ಬರೆದಿಟ್ಟರು. ಸ್ಫಟಿಕಗಳನ್ನು ಕಾಯಿಸಿ ಅವುಗಳ ಮೇಲೆ ಹತ್ತಿದ ಕೊಳೆಯನ್ನು ಓಡಿಸುವ ಉಪಾಯವೂ ಅದರಲ್ಲಿತ್ತು. ಏಕೆಂದರೆ ನೌಕೆಯು ತಾನೇ ಹೊರಬಿಡುವ ಆವಿಯು ಸ್ಫಟಿಕದ ಮೇಲೆ ಕೂತು ಧೂಮಕೇತುವಿನ ಧೂಳಿಯಂತೆ ವೇಷಹಾಕಬಹುದು. ಭೂಮಿಯ ಮೇಲೆ ಜಿಯಾಡಾದ ಜೋಡಿಯಂತ್ರವೊಂದನ್ನು ಪ್ರಯೋಗಶಾಲೆಯಲ್ಲಿ ಉಳಿಸಿಕೊಂಡು, ಧೂಮಕೇತುವಿನ ಧೂಳಿಯನ್ನು ಹೋಲುವ ಕಣಗಳನ್ನು ಅದರ ಮೇಲೆ ಬಿಟ್ಟು, ಅಲ್ಲಿಯ ಉತ್ತರಕ್ಕೂ ಇಲ್ಲಿಯ ಉತ್ತರಕ್ಕೂ ತಾಳೆನೋಡಿದರು.

ಈ ಪರೀಕ್ಷೆಗಳಲ್ಲಿ ಅತ್ಯಂತ ಕಠಿಣವಾದುದು ಖಾಲಿ ತಕ್ಕಡಿಯ ಪರೀಕ್ಷೆ. ಧೂಳಿಯೇ ಇಲ್ಲದ ಕಡೆ ಯಂತ್ರವು ಏನನ್ನಾದರೂ ಕಂಡೆನೆಂದು ಹೇಳಿದರೆ ಅದು ಸುಳ್ಳುಸಾಕ್ಷಿ. ನೌಕೆಯ ಬೇರೆ ಯಂತ್ರಗಳ ಅಲುಗಾಟ, ವಿದ್ಯುತ್ತಿನ ಗದ್ದಲ, ಬಿಸಿಲಿನ ಹೊಳಪು ಇವುಗಳಲ್ಲಿ ಯಾವುದರಿಂದ ಯಂತ್ರವು ಮೋಸಹೋಗುವುದೆಂಬುದನ್ನು ಮೊದಲೇ ತಿಳಿದಿಟ್ಟುಕೊಳ್ಳದಿದ್ದರೆ ಮುಂದೆ ಬರುವ ನಿಜವಾದ ಸಾಕ್ಷಿಗೂ ಬೆಲೆಯಿರದು. ತನ್ನ ದೋಷವನ್ನು ತಾನು ಅಳೆಯಲಾರದವನು ಬೇರೆಯವರ ಗುಣವನ್ನು ಅಳೆಯಲಾರನು.

2011ರ ಜೂನಿನಿಂದ 2014ರ ಜನವರಿ 20ರ ವರೆಗೆ ರೊಸೆಟ್ಟಾವನ್ನು ಗಾಢನಿದ್ರೆಯಲ್ಲಿ ಇಡಬೇಕಾಯಿತು. ಸೂರ್ಯನಿಂದ ಅಷ್ಟು ದೂರದಲ್ಲಿ ವಿದ್ಯುತ್ತು ಸಾಲದಾಗಿತ್ತು. ಎಚ್ಚರಗೊಂಡ ಮೇಲೆ ಮತ್ತೆ ಒಂದೊಂದೇ ಉಪಕರಣವನ್ನು ಪರೀಕ್ಷಿಸಿದರು. ಕೊನೆಗೆ ಆಗಸ್ಟ್ 1ರಂದು, ಧೂಮಕೇತುವು ಇನ್ನೂ 814 ಕಿಲೋಮೀಟರು ದೂರವಿರುವಾಗಲೇ, ಜಿಯಾಡಾ ತನ್ನ ಮೊದಲ ಕಣವನ್ನು ಗುರುತಿಸಿತು. ಆ ವಾರ್ತೆಯು ಭೂಮಿಗೆ ಬರಲು ಬೆಳಕಿನ ವೇಗದಲ್ಲಿಯೂ 22 ನಿಮಿಷಗಳಿಗೆ ಮೇಲಾಯಿತು. ಹತ್ತು ವರ್ಷ ಖಾಲಿ ತಟ್ಟೆಯನ್ನು ತೂಗುತ್ತ ಕುಳಿತವರಿಗೆ ದೊರೆತ ಮೊದಲ ಕಾಳು ಅದು. ಖಾಲಿ ತಟ್ಟೆಯ ಲೆಕ್ಕವು ಅವರ ಕೈಯಲ್ಲಿದ್ದುದರಿಂದಲೇ ಅದನ್ನು ಕಾಳೆಂದು ನಂಬಲು ಅವರಿಗೆ ಅಧಿಕಾರವಿತ್ತು. ಮುಂದೆ ಇಂಥ ಕಣಗಳ ಲೆಕ್ಕವೂ ಸೇರಿ ಆ ಧೂಮಕೇತುವು ಹೊರಚೆಲ್ಲುವ ಧೂಳಿಯು ಆವಿಯ ಸುಮಾರು ನಾಲ್ಕರಷ್ಟಿದೆಯೆಂಬ ಅಂದಾಜು 2015ರಲ್ಲಿ ಹೊರಬಿತ್ತು. ಅಂದಾಜಿನಲ್ಲಿ ಎರಡರಷ್ಟು ಹೆಚ್ಚುಕಡಿಮೆ ಇರಬಹುದೆಂದೂ ಅವರೇ ಒಪ್ಪಿ ಬರೆದರು. ಈ ಒಪ್ಪಿಗೆಯೇ ಶಾಸ್ತ್ರದ ಶೀಲ.

ನಮ್ಮವರ ಧೂಳಿಯಂತ್ರ

ಇದೆಲ್ಲ ಪರದೇಶದ ಮಾತೆಂದು ವಾಚಕರು ಪುಟ ತಿರುವಬೇಕಾಗಿಲ್ಲ. 2024ರ ಜನವರಿ 1ರಂದು, ಇಲ್ಲಿಯ ಹೊಲಗಳಲ್ಲಿ ತೊಗರಿಯ ರಾಶಿ ನಡೆಯುವ ಕಾಲದಲ್ಲಿ, ಶ್ರೀಹರಿಕೋಟೆಯಿಂದ ಪಿ.ಎಸ್.ಎಲ್.ವಿ. ರಾಕೆಟ್ಟೊಂದು ಎಕ್ಸ್‌ಪೋಸ್ಯಾಟ್ ಎಂಬ ಉಪಗ್ರಹವನ್ನು ಹೊತ್ತು ಏರಿತು. ಆ ಉಪಗ್ರಹದ ಎರಡು ಮುಖ್ಯ ಉಪಕರಣಗಳು ಬೆಂಗಳೂರಿನವು: ಒಂದು ರಾಮನ್ ಸಂಶೋಧನಾ ಸಂಸ್ಥೆಯದು, ಇನ್ನೊಂದು ಯು. ಆರ್. ರಾವ್ ಉಪಗ್ರಹ ಕೇಂದ್ರದ್ದು. ಉಪಗ್ರಹವನ್ನು 650 ಕಿಲೋಮೀಟರಿನ ಕಕ್ಷೆಯಲ್ಲಿ ಬಿಟ್ಟ ಮೇಲೆ ರಾಕೆಟ್ಟಿನ ನಾಲ್ಕನೆಯ ಹಂತವು ಸಾಮಾನ್ಯವಾಗಿ ಕಸವಾಗುವುದು. ನಮ್ಮವರು ಅದನ್ನು ಎಸೆಯದೆ 350 ಕಿಲೋಮೀಟರಿಗೆ ಇಳಿಸಿ ಪ್ರಯೋಗದ ಪೀಠವನ್ನಾಗಿ ಮಾಡಿಕೊಂಡರು. ಇದಕ್ಕೆ ಪೋಯಮ್ ಎಂದು ಹೆಸರು. ಉಂಡ ಎಲೆಯಲ್ಲಿಯೇ ದೊನ್ನೆ ಮಾಡಿಕೊಳ್ಳುವ ಈ ಮಿತವ್ಯಯವು ನಮ್ಮ ದೇಶಕ್ಕೆ ಭೂಷಣವಾದುದು.

ಆ ಪೀಠದ ಮೇಲೆ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದವರು ರಚಿಸಿದ ಡೆಕ್ಸ್ ಎಂಬ ಧೂಳಿಯಂತ್ರವಿತ್ತು. ಗ್ರಹಗಳ ನಡುವಣ ಅತಿವೇಗದ ಧೂಳಿಯನ್ನು ಹಿಡಿಯಲು ಭಾರತದಲ್ಲಿಯೇ ಮಾಡಿದ ಮೊದಲ ಉಪಕರಣವದು. ತೂಕ ಮೂರು ಕಿಲೋಗ್ರಾಮು. ಅದು ಬಳಸಿದ ವಿದ್ಯುತ್ತು ನಾಲ್ಕೂವರೆ ವಾಟು, ಎಂದರೆ ನಮ್ಮ ಮನೆಯ ಒಂದು ಸಣ್ಣ ದೀಪಕ್ಕೆ ಬೇಕಾದಷ್ಟು. ಜಿಯಾಡಾದ ಕಣಗಳು ಮೆಲ್ಲನೆ ಬರುವಂಥವು. ಇಲ್ಲಿಯವು ಸೆಕೆಂಡಿಗೆ ಹಲವು ಕಿಲೋಮೀಟರು ವೇಗದಿಂದ ಬಂದು ಬಡಿಯುವಂಥವು. ಅಂಥ ಪೆಟ್ಟಿಗೆ ಕಣವು ಆ ಕ್ಷಣದಲ್ಲಿಯೇ ಆವಿಯಾಗಿ ವಿದ್ಯುತ್ಕಣಗಳ ಕಿರುಮೋಡವಾಗುವುದು; ಆ ವಿದ್ಯುತ್ತನ್ನು ಸೆಳೆದುಕೊಂಡು ಅಳೆದರೆ ಬಂದ ಕಣದ ಗುರುತು ಸಿಕ್ಕುವುದು. ಸುಮಾರು ಸಾವಿರ ಸೆಕೆಂಡಿಗೆ ಒಂದರಂತೆ, ಎಂದರೆ ಹದಿನೇಳು ನಿಮಿಷಗಳಿಗೊಮ್ಮೆ, ಡೆಕ್ಸಿಗೆ ಪೆಟ್ಟುಗಳು ತಗುಲಿದುವೆಂದು ಪ್ರಕಟವಾಗಿದೆ. ಧೂಮಕೇತುಗಳೂ ಕ್ಷುದ್ರಗ್ರಹಗಳೂ ಬಿಟ್ಟುಹೋದ ಪುಡಿಯೇ ಈ ಧೂಳಿ. ಅದು ದಿನವೂ ಹತ್ತಾರು ಟನ್ನುಗಳಷ್ಟು ಭೂಮಿಯ ವಾಯುಮಂಡಲಕ್ಕೆ ಬೀಳುತ್ತಿರುವುದೆಂದು ಅಂದಾಜು. ಆಗಸ್ಟಿನ ರಾತ್ರಿ ಮೋಡ ಸರಿದಾಗ ಜೇವರ್ಗಿಯ ಹಳ್ಳಿಗಳ ಕತ್ತಲಲ್ಲಿ ಬೀಳುವ ಉಲ್ಕೆಗಳು ಸ್ವಿಫ್ಟ್-ಟಟ್ಲ್ ಎಂಬ ಧೂಮಕೇತುವಿನ ಧೂಳಿಯೇ ಆಗಿರುತ್ತವೆ.

ಡೆಕ್ಸ್ ಧೂಮಕೇತುವಿಗೆ ಹೊರಟ ಯಂತ್ರವಲ್ಲ. ದೂರದ ಪ್ರಯಾಣಕ್ಕೆ ಹೊರಡುವ ಮುನ್ನ ಮನೆಯಂಗಳದಲ್ಲಿಯೇ ಮಾಡಿದ ಪರೀಕ್ಷೆಯದು. 2024ರ ಮಾರ್ಚಿ 21ರಂದು ಪೋಯಮ್ ವಾಯುಮಂಡಲವನ್ನು ಹೊಕ್ಕು ಉತ್ತರ ಪೆಸಿಫಿಕ್ ಸಾಗರದ ಮೇಲೆ ಕೊನೆಗೊಂಡಿತು. ಅಂತರಿಕ್ಷದಲ್ಲಿ ಕಸವನ್ನು ಬಿಟ್ಟುಹೋಗಲಿಲ್ಲ. ಅದೇ ವರುಷದ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿಗೆಯಿತ್ತ ಶುಕ್ರಗ್ರಹದ ಯೋಜನೆಯಲ್ಲಿ ಧೂಳಿಯನ್ನಳೆಯುವ ಉಪಕರಣವೊಂದು ಸೇರಿದೆ. ಪರೀಕ್ಷೆಯ ಫಲವು ಕಡತದಲ್ಲಿ ಮಲಗಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಈ ಸೀಮೆಗೂ ಆಕಾಶಕ್ಕೂ ಇರುವ ನಂಟು

ಈ ಮೂರು ತಾಲೂಕುಗಳು 1948ರ ಸೆಪ್ಟೆಂಬರಿನ ವರೆಗೆ ನಿಜಾಮರ ಆಳ್ವಿಕೆಯಲ್ಲಿಯೂ, 1956ರ ನವೆಂಬರ್ 1ರ ವರೆಗೆ ಹೈದರಾಬಾದು ರಾಜ್ಯದಲ್ಲಿಯೂ ಇದ್ದುವು. ಆ ರಾಜಧಾನಿಯ ನಿಜಾಮಿಯಾ ವೇಧಶಾಲೆಯು ಆಕಾಶದ ಅಂತರರಾಷ್ಟ್ರೀಯ ನಕಾಶೆಯ ಕಾರ್ಯದಲ್ಲಿ ಪಾಲ್ಗೊಂಡ ಕೀರ್ತಿವಂತ ಸಂಸ್ಥೆಯಾಗಿತ್ತು. ಆದರೆ ಕಲಬುರ್ಗಿಯ ಕನ್ನಡದ ಹುಡುಗನು ಉರ್ದುವಿನಲ್ಲಿ ಕಲಿಯದೆ ಮೇಲಿನ ವಿದ್ಯೆಯ ಬಾಗಿಲನ್ನು ಮುಟ್ಟುವಂತಿರಲಿಲ್ಲ. ಆಕಾಶವು ತಲೆಯ ಮೇಲಿದ್ದರೂ ಅದನ್ನು ಓದುವ ಮಾತು ತಾಯಿನುಡಿಯಲ್ಲಿ ಇರಲಿಲ್ಲ. ಆ ವೇಧಶಾಲೆಯ ನೌಕರರೊಬ್ಬರ ಮಗನಾಗಿ ಹೈದರಾಬಾದಿನಲ್ಲಿ ಬೆಳೆದ ವೈನು ಬಪ್ಪು ಅವರು 1949ರಲ್ಲಿ ಹಾರ್ವರ್ಡಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಹೊಸ ಧೂಮಕೇತುವೊಂದನ್ನು ಕಂಡುಹಿಡಿದರು. ಬಪ್ಪು-ಬೊಕ್-ನ್ಯೂಕರ್ಕ್ ಎಂದು ಇಂದಿಗೂ ಅದಕ್ಕೆ ಹೆಸರು. ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆಯನ್ನು ಕಟ್ಟಿದವರೂ ಅವರೇ.

ಇಂದು ಕಾಲ ಬದಲಾಗಿದೆ. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲೂಕಿನ ಕಡಗಂಚಿಯಲ್ಲಿಯೇ ಇದೆ. ಕಲಬುರ್ಗಿಯಲ್ಲಿ ವಿಜ್ಞಾನ ಕೇಂದ್ರವೂ ಇದೆ. ಕಟ್ಟಡಗಳಿಗೆ ಕೊರತೆಯಿಲ್ಲ, ಕಟ್ಟಡಕ್ಕೂ ಹಳ್ಳಿಯ ಶಾಲೆಗೂ ನಡುವೆ ದಾರಿ ಬೇಕು. ವರುಷದಲ್ಲಿ ನಾಲ್ಕು ರಾತ್ರಿಯಾದರೂ ಅಫಜಲಪುರ ಜೇವರ್ಗಿಗಳ ಪ್ರೌಢಶಾಲೆಗಳಿಗೆ ದೂರದರ್ಶಕವು ಬರಲಿ. ಉಲ್ಕೆಗಳನ್ನೆಣಿಸುವ ಕೆಲಸವನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳಿಕೊಡಲಿ. ಅದಕ್ಕೆ ಕಣ್ಣು, ಕಾಗದ, ಪ್ರಾಮಾಣಿಕತೆ ಇವಿಷ್ಟೇ ಸಾಕು.

ಅಳೆಯುವವರಿಗೆ ಒಂದು ಮಾತು

ಬಾವಿ ಬತ್ತಿದ ನಾಡಿಗೆ ಧೂಮಕೇತುವಿನ ಧೂಳಿಯೇಕೆ ಎಂಬ ಆಕ್ಷೇಪವನ್ನು ನಾವು ಅರಿಯದವರಲ್ಲ. ಅದು ಬಡವರ ಪರವಾದ ಆಕ್ಷೇಪವಾದುದರಿಂದ ಗೌರವಕ್ಕೆ ಯೋಗ್ಯವಾದುದು. ಮೂರು ಕಿಲೋಗ್ರಾಮಿನ ಯಂತ್ರದಿಂದ ಯಾರ ಬಾವಿಯೂ ಬತ್ತಲಿಲ್ಲ ಎಂದಷ್ಟೇ ಹೇಳಿದರೆ ಅದು ಉತ್ತರವಾಗದು. ನಮ್ಮ ಉತ್ತರವಿದು: ಆ ಯಂತ್ರದ ಹಿಂದಿರುವ ಶಿಸ್ತು ಈ ನಾಡಿಗೆ ನೀರಿನಷ್ಟೇ ಅವಶ್ಯವಾಗಿದೆ.

2020ರ ಅಕ್ಟೋಬರಿನಲ್ಲಿಯೂ 2025ರ ಸೆಪ್ಟೆಂಬರಿನಲ್ಲಿಯೂ ಭೀಮೆಯು ಉಕ್ಕಿ ಅಫಜಲಪುರ ಜೇವರ್ಗಿಗಳ ಹಳ್ಳಿಗಳನ್ನು ಹೊಕ್ಕುದನ್ನು ವಾಚಕರು ಮರೆತಿರಲಾರರು. ಮೇಲಿನ ಅಣೆಕಟ್ಟುಗಳಿಂದ ಎಷ್ಟು ನೀರು ಬಿಟ್ಟರು, ಸೇತುವೆಯ ಬಳಿ ಎಷ್ಟು ಏರಿತು, ಯಾವ ಊರಿಗೆ ಎಷ್ಟು ಗಂಟೆಗಳ ಮೊದಲು ಎಚ್ಚರಿಕೆ ಕೊಡಬೇಕು, ಇವೆಲ್ಲವೂ ಅಳತೆಯ ಮಾತುಗಳು. ರೈತನಿಗೆ ಬೆಳೆವಿಮೆಯ ಪರಿಹಾರವು ಬರುವುದೂ ಬಾರದಿರುವುದೂ ಬೆಳೆ ಕಟಾವಿನ ಪ್ರಯೋಗವನ್ನೂ ಮಳೆಯ ಲೆಕ್ಕವನ್ನೂ ಅವಲಂಬಿಸಿದೆ. ಮಳೆಮಾಪಕದ ಬಾಯಿಗೆ ಎಲೆ ಬಿದ್ದಿದೆಯೇ, ನದಿಯ ಅಳತೆಗೋಲಿನ ಅಂಕೆಗಳು ಅಳಿಸಿವೆಯೇ, ತೂಕದ ಯಂತ್ರವು ಖಾಲಿ ಇರುವಾಗ ಸೊನ್ನೆಯನ್ನು ತೋರಿಸುವುದೇ ಎಂಬುದನ್ನು ಮಳೆ ಬರುವ ಮೊದಲೇ ನೋಡಬೇಕು. ನೆರೆ ಬಂದ ರಾತ್ರಿ ನೋಡಿದರೆ ಫಲವಿಲ್ಲ. ನಲವತ್ತು ಕೋಟಿ ಕಿಲೋಮೀಟರು ದೂರದ ತಕ್ಕಡಿಯನ್ನು ಪರೀಕ್ಷಿಸಲು ಮನುಷ್ಯನಿಗೆ ಸಾಧ್ಯವಾಯಿತೆಂದ ಮೇಲೆ, ತಾಲೂಕು ಕಚೇರಿಯ ಅಂಗಳದಲ್ಲಿಯ ಮಳೆಮಾಪಕವನ್ನು ಪರೀಕ್ಷಿಸಲು ದಾರಿ ದೂರವೆಂಬ ನೆವವು ಯಾರಿಗೂ ಉಳಿಯದು.

ಅಧಿಕಾರಿಗಳೂ ವಿದ್ಯಾವಂತರೂ ಈ ಒಂದು ಪಾಠವನ್ನು ಧೂಳಿಯಿಂದ ಕಲಿಯಲಿ: ಅಳತೆಗೆ ಹೊರಡುವ ಮೊದಲು ಖಾಲಿ ತಟ್ಟೆಯನ್ನು ತೂಗತಕ್ಕದ್ದು, ತನ್ನ ಲೆಕ್ಕದಲ್ಲಿ ಎಷ್ಟು ತಪ್ಪಿರಬಹುದೆಂಬುದನ್ನು ಲೆಕ್ಕದ ಪಕ್ಕದಲ್ಲಿಯೇ ಬರೆಯತಕ್ಕದ್ದು. ಕಣದ ಮೇಲೆ ನಿಂತು ಗಾಳಿಯ ದಿಕ್ಕನ್ನು ನೋಡಿಯೇ ತೂರಲು ಮೊರವೆತ್ತಿದ ಈ ಸೀಮೆಯ ರೈತನಿಗೆ ಈ ಮಾತು ಹೊಸದಲ್ಲ. ಅವನ ಮಕ್ಕಳಿಗೆ ಇದನ್ನು ಆಕಾಶದ ಅಳತೆಯಲ್ಲಿ ಕಲಿಸುವ ಹೊಣೆಯು ನಮ್ಮೆಲ್ಲರದು.